ಹಾರದ ಹಕ್ಕಿ

ಫೆಬ್ರವರಿಯಲ್ಲಿ ಸಾವಳಗಿಯ ನಮ್ಮ ಹೊಲದಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಮೊಮ್ಮಗ ತನ್ನ ಮಾಮಾನ ಕ್ಯಾಮೆರಾ ಕೇಳಿ ತಂದಿದ್ದ. ಎರವಿನ ವಸ್ತು, ಬೆಲೆಯೂ ಹೆಚ್ಚು. ರಾಶಿ ಮಶೀನು ಹೊಟ್ಟು ಉಗುಳುತ್ತಿತ್ತು. ಪಕ್ಕದ ಹೊಲದವರು ಕಬ್ಬಿನ ರವದಿಗೆ ಬೆಂಕಿ ಇಟ್ಟಿದ್ದರಿಂದ ಕರಿ ಬೂದಿ ಬೇರೆ ಹಾರಾಡುತ್ತಿತ್ತು. ಅದರ ನಡುವೆಯೇ ನಿಂತು ಹುಡುಗ ಎರಡು ಸಲ ಲೆನ್ಸ್ ಬದಲಿಸಿದ.

ರಾತ್ರಿ ಫೋಟೋ ನೋಡುವಾಗ ಅವನ ತಂಗಿ, “ಅಜ್ಜಾ, ಈ ಹಕ್ಕಿ ಎಲ್ಲಾ ಫೋಟೋದಾಗೂ ಐತಿ ನೋಡು, ಹಾರೂದ ಇಲ್ಲ!” ಎಂದಳು. ಹೌದು, ಆಕಾಶದ ಬಲಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಎಲ್ಲ ಫೋಟೋಗಳಲ್ಲೂ ಅದೇ ಜಾಗದಲ್ಲಿ.

ಮೊಮ್ಮಗನ ಮುಖ ಸಣ್ಣದಾಯಿತು. ನಾನು ಲೆನ್ಸ್ ತೆಗೆಸಿ, ಕನ್ನಡಕ ಒರೆಸಿದಂತೆ ಒರೆಸೋಣವೆಂದು ಹೆಗಲ ಮೇಲಿನ ಟಾವೆಲ್ ಚುಂಗು ಒಳಗೆ ಹಾಕಲು ಹೊರಟೆ. “ಅಜ್ಜಾ, ಮುಟ್ಟಬ್ಯಾಡ!” ಎಂದು ಚೀರಿದ. ಊದಲು ಬಾಯಿ ತಂದೆ, ಅದಕ್ಕೂ ಬಿಡಲಿಲ್ಲ. ಕೊನೆಗೆ ಅಂಜುತ್ತಲೇ ಮಾಮಾನಿಗೆ ಫೋನ್ ಹಚ್ಚಿದ. ಮಾಮಾ ಬೈಯಲಿಲ್ಲ, ನಕ್ಕ.

ಅವನು ಹೇಳಿದ್ದು ನನ್ನ ವಯಸ್ಸಿನವರಿಗೂ ತಿಳಿಯುವಂತಿತ್ತು. ನಮ್ಮ ಕಾಲದ ಕ್ಯಾಮೆರಾದಲ್ಲಿ ಒಂದೊಂದು ಚಿತ್ರಕ್ಕೂ ರೀಲು ಮುಂದೆ ಸರಿಯುತ್ತಿತ್ತು. ಅದರ ಮೇಲೆ ಬಿದ್ದ ಧೂಳೂ ಅದರ ಜೊತೆಗೇ ಹೋಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಎಲ್ಲ ಫೋಟೋಗಳಿಗೂ ಸೆನ್ಸರ್ ಒಂದೇ. ದೊಡ್ಡದೆಂದರೂ ಸಾಮಾನ್ಯವಾಗಿ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಧೂಳು ಕೂರುವುದು ಅದರ ಮುಂದಿನ ತೆಳು ಗಾಜಿನ ಮೇಲೆ. ಟಾವೆಲಿನ ಮರಳಕಣದಿಂದ ಆ ಗಾಜಿಗೆ ಗೀರು ಬಿದ್ದರೆ ಅದು ಹೋಗದು. ಬಾಯಿಂದ ಊದಿದರೆ ಉಗುಳಿನ ಹನಿ ಅಂಟುತ್ತದೆ.

ಮಕ್ಕಳೇ, ಚಿಮಣಿ ದೀಪದ ಮುಂದೆ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ಸ್ಪಷ್ಟ, ಉದ್ದ ಟ್ಯೂಬ್‌ಲೈಟಿನಲ್ಲಿ ಮಸುಕು, ಅಲ್ಲವೇ? ಇಲ್ಲೂ ಹಾಗೆಯೇ. ಲೆನ್ಸಿನ ಕಿಂಡಿ ಚಿಕ್ಕದಾಗಿದ್ದರೆ ಧೂಳಿನ ನೆರಳು ಎದ್ದು ಕಾಣುತ್ತದೆ, ದೊಡ್ಡದಾಗಿದ್ದರೆ ಕರಗಿಹೋಗುತ್ತದೆ. ಅದಕ್ಕೇ ಮಾಮಾ ಎಫ್/22 ಇಟ್ಟು ಸುಣ್ಣದ ಗೋಡೆಯ ಫೋಟೋ ತೆಗೆಸಿದ. ಒಂದಲ್ಲ, ಏಳು ಹಕ್ಕಿಗಳು!

ಮೊದಲು ಕ್ಯಾಮೆರಾ ತಾನೇ ನಡುಗಿ ಕೊಡವಿಕೊಳ್ಳಲಿ ಎಂದ. 2003ರಲ್ಲಿ ಒಲಿಂಪಸ್ ಇ-1 ಈ ಉಪಾಯ ತಂದಿತಂತೆ. ಆ ಗಾಜು ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ. ಆಯಿ ಮೊರ ತಟ್ಟಿ ಹೊಟ್ಟು ಹಾರಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಐದು ಚುಕ್ಕೆ ಹೋದವು.

ಉಳಿದ ಎರಡಕ್ಕೆ ರಬ್ಬರ್ ಉಂಡೆಯ ಬ್ಲೋವರ್. ಮರುದಿನ ಜಮಖಂಡಿಯಿಂದ ತಂದೆವು. ಬ್ಯಾಟರಿ ತುಂಬಿಸಿ, ಮೆನುವಿನಲ್ಲಿ ಸೆನ್ಸರ್ ಸ್ವಚ್ಛ ಮಾಡುವ ಆಯ್ಕೆ ಒತ್ತಿ, ಫ್ಯಾನ್ ಬಂದ್ ಮಾಡಿ, ಕ್ಯಾಮೆರಾದ ಬಾಯಿ ಕೆಳಗೆ ಹಿಡಿದೆವು. ಚಿತ್ರ ಸೆನ್ಸರಿನ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಆದ್ದರಿಂದ ಫೋಟೋದಲ್ಲಿ ಮೇಲಿದ್ದ ಚುಕ್ಕೆಗೆ ಕೆಳಗೆ ಊದಬೇಕು. ಬ್ಲೋವರಿನ ಮೂತಿ ಎಲ್ಲಿಗೂ ತಾಗಬಾರದು. ಉಂಡೆ ಹಿಚುಕಿದವಳು ಮೊಮ್ಮಗಳು. ಇಷ್ಟಕ್ಕೂ ಹೋಗದ ಜಿಗುಟು ಕಲೆಯಾದರೆ ಒದ್ದೆ ಸ್ವ್ಯಾಬಿನಿಂದ ಒರೆಸಬೇಕಂತೆ. ಅದು ಬಲ್ಲವರ ಕೆಲಸ.

ಮತ್ತೆ ಗೋಡೆಯ ಫೋಟೋ. ಸ್ವಚ್ಛ!

ಸಂಜೆ ಆಯಿಯನ್ನು ಜೋಳದ ರಾಶಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದ. ನೋಡಿದರೆ ಆಕಾಶದಲ್ಲಿ ಮತ್ತೆ ಕಪ್ಪು ಚುಕ್ಕೆ! ನನ್ನ ಎದೆ ಧಸಕ್ಕೆಂದಿತು. ಮೊಮ್ಮಗ ಇನ್ನೊಂದು ತೆಗೆದ. ಚುಕ್ಕೆ ಎಡಕ್ಕೆ ಸರಿದಿತ್ತು.

“ಇದು ಖರೇನ ಹದ್ದೋ ಮಾರಾಯಾ,” ಎಂದು ಆಯಿ ಕತ್ತೆತ್ತಿ ತೋರಿಸಿದಳು.