ವೆಬ್‌ಸೈಟ್ ಚೆಲ್ಲಾಪಿಲ್ಲಿಯಾಗಿ ಕಂಡರೆ ಹ್ಯಾಕ್ ಆಗಿದೆ ಎಂದರ್ಥವೇ?

ಪರೀಕ್ಷೆಯ ಫಲಿತಾಂಶದ ದಿನ, ಇಲ್ಲವೇ ಯಾವುದಾದರೂ ಅರ್ಜಿ ಹಾಕಲು ಕೊನೆಯ ದಿನ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಬಿಳಿ ಹಿನ್ನೆಲೆ, ಒಂದರ ಕೆಳಗೊಂದು ನೀಲಿ ಲಿಂಕುಗಳು, ಪರದೆ ತುಂಬ ಹಿಗ್ಗಿದ ಲೋಗೊ. ಬಣ್ಣವಿಲ್ಲ, ಮೆನು ಇಲ್ಲ. ಜೊತೆಗೆ ಒಂದು ಸಾಲು: ‘ಸೈಟ್ ಹ್ಯಾಕ್ ಆಗಿದೆ, ಯಾರೂ ಲಾಗಿನ್ ಆಗಬೇಡಿ’. ಕೆಲವದರಲ್ಲಿ ಇನ್ನೂ ಒಂದು ಸಾಲಿರುತ್ತದೆ: ‘ಈ ಹೊಸ ಲಿಂಕ್ ಬಳಸಿ’. ಮೊದಲ ಸಾಲಿಗೆ ಸಾಮಾನ್ಯವಾಗಿ ಆಧಾರವೇ ಇರುವುದಿಲ್ಲ. ಅಪಾಯ ಇರುವುದು ಎರಡನೆಯದರಲ್ಲಿ.

ನಮಗೆ ಒಂದೇ ಪುಟವಾಗಿ ಕಾಣುವುದು ನಿಜದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಫೈಲುಗಳ ಜೋಡಣೆ. ಬರಹ, ಲಿಂಕು, ತುಂಬಬೇಕಾದ ಫಾರಂ ಇವೆಲ್ಲ ಎಚ್‌ಟಿಎಂಎಲ್ ಫೈಲಿನಲ್ಲಿರುತ್ತವೆ. ಬಣ್ಣ ಯಾವುದು, ಅಕ್ಷರ ಎಷ್ಟು ದೊಡ್ಡದು, ಯಾವುದು ಎಲ್ಲಿ ಕೂರಬೇಕು ಎಂಬುದನ್ನು ಸಿಎಸ್‌ಎಸ್ ಎಂಬ ಸ್ಟೈಲ್‌ಶೀಟ್ ಹೇಳುತ್ತದೆ. ಬಟನ್ ಒತ್ತಿದಾಗ ಏನಾಗಬೇಕು ಎಂಬುದು ಜಾವಾಸ್ಕ್ರಿಪ್ಟ್‌ನ ಕೆಲಸ. ಕರಾವಳಿ, ಮಲೆನಾಡಿನವರಿಗೆ ಥಟ್ಟನೆ ಹೊಳೆಯುವ ಹೋಲಿಕೆ ಒಂದಿದೆ. ಯಕ್ಷಗಾನದಿಂದ ವೇಷ, ಕುಣಿತ ತೆಗೆದರೆ ಉಳಿಯುವುದು ತಾಳಮದ್ದಳೆ. ಪ್ರಸಂಗ ಅದೇ, ಮಾತೂ ಇದೆ. ಸ್ಟೈಲ್‌ಶೀಟ್ ತಲುಪದ ಪುಟವೂ ಹಾಗೆಯೇ. ಸಿಎಸ್‌ಎಸ್‌ನ ಯೋಚನೆಯನ್ನು ಹೋಕನ್ ವಿಯಂ ಲೀ ಮುಂದಿಟ್ಟದ್ದು 1994ರಲ್ಲಿ. ಅದಕ್ಕೂ ಮುಂಚಿನ ವೆಬ್ ಪುಟಗಳು ಹೆಚ್ಚುಕಮ್ಮಿ ಆ ಸ್ಕ್ರೀನ್‌ಶಾಟ್‌ನಂತೆಯೇ ಇದ್ದವು. 2006ರಲ್ಲಿ ಶುರುವಾದ ಒಂದು ತಮಾಷೆಯ ರೂಢಿಯೂ ಇದೆ: ಏಪ್ರಿಲ್‌ನಲ್ಲಿ ಒಂದು ದಿನ ಕೆಲವರು ತಮ್ಮ ಸೈಟಿನ ಸ್ಟೈಲ್‌ಶೀಟನ್ನು ಬೇಕೆಂದೇ ಕಳಚಿಟ್ಟು, ಬರೀ ಬರಹವನ್ನು ಓದುಗರ ಮುಂದಿಡುತ್ತಾರೆ.

ಹಾಗಾದರೆ ಫೈಲು ಬಾರದೇ ಹೋಗುವುದೇಕೆ? ಸುಲಭವಾದ ಕಾರಣ ದಟ್ಟಣೆ. ಲಕ್ಷಗಟ್ಟಲೆ ಜನ ಒಟ್ಟಿಗೆ ಬಂದಾಗ ಸರ್ವರ್ ಮೊದಲ ಫೈಲನ್ನು ಕೊಟ್ಟು, ಆಮೇಲೆ ಕೇಳಿದ್ದಕ್ಕೆ ಕೈಯೆತ್ತಿಬಿಡಬಹುದು. ಆಗ ಬರಹ ಬಂದಿರುತ್ತದೆ, ಅಲಂಕಾರ ಬಂದಿರುವುದಿಲ್ಲ.

ಇನ್ನೊಂದು ಕಾರಣ ಸ್ವಲ್ಪ ಒಳಗಿನದು. ಈಗಿನ ದೊಡ್ಡ ಸೈಟುಗಳು ಇಡೀ ಕೋಡನ್ನು ಒಂದೇ ಸಲ ನಿಮ್ಮ ಫೋನಿಗೆ ಸುರಿಯುವುದಿಲ್ಲ. ಅದನ್ನು ತುಂಡು ತುಂಡಾಗಿ ಇಟ್ಟುಕೊಂಡಿರುತ್ತವೆ. ಮುಖಪುಟದ ತುಂಡು ಮೊದಲು ಬರುತ್ತದೆ. ಹಣ ಪಾವತಿಯ ತುಂಡು ನೀವು ಆ ಬಟನ್ ಒತ್ತಿದಾಗಲಷ್ಟೇ ಬರುತ್ತದೆ. ಡೇಟಾ ಉಳಿಯುತ್ತದೆ, ಪುಟ ಬೇಗ ತೆರೆಯುತ್ತದೆ. ಒಮ್ಮೆ ಬಂದ ತುಂಡನ್ನು ಬ್ರೌಸರ್ ತನ್ನ ಕ್ಯಾಶ್‌ನಲ್ಲಿ ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತದೆ. ಹಳೆಯದನ್ನೇ ಹಿಡಿದು ಕೂರಬಾರದಲ್ಲ? ಅದಕ್ಕೆ ಪ್ರತಿ ತುಂಡಿನ ಹೆಸರಿಗೂ ಅಕ್ಷರ, ಅಂಕಿಗಳ ಒಂದು ಬಾಲ ಅಂಟಿಸುತ್ತಾರೆ. ಒಳಗಿನ ಕೋಡ್ ಬದಲಾದರೆ ಬಾಲವೂ ಬದಲಾಗುತ್ತದೆ.

ಎಡವಟ್ಟಾಗುವುದು ಇಲ್ಲೇ. ನೀವು ಬೆಳಿಗ್ಗೆ ಸೈಟ್ ತೆರೆದು, ಅರ್ಧ ಫಾರಂ ತುಂಬಿ, ಊಟಕ್ಕೆ ಎದ್ದಿರಿ ಎನ್ನಿ. ಅಷ್ಟರಲ್ಲಿ ಎಂಜಿನಿಯರುಗಳು ಹೊಸ ಆವೃತ್ತಿ ಏರಿಸಿ, ಹಳೆಯ ತುಂಡುಗಳನ್ನು ಅಳಿಸಿದ್ದಾರೆ. ನಿಮ್ಮ ಫೋನಿನಲ್ಲಿರುವ ಪುಟಕ್ಕೆ ಗೊತ್ತಿರುವುದು ಹಳೆಯ ಹೆಸರು ಮಾತ್ರ. ಪಾವತಿಯ ಬಟನ್ ಒತ್ತಿದರೆ ಅದು ಆ ಹೆಸರಿನ ಫೈಲನ್ನು ಕೇಳುತ್ತದೆ, ಆ ಹೆಸರಿನದು ಈಗ ಸರ್ವರ್‌ನಲ್ಲಿ ಇಲ್ಲ. ಎಷ್ಟೋ ಸರ್ವರ್‌ಗಳಂತೂ ‘ಇಲ್ಲ’ ಎಂದು ನೇರವಾಗಿ ಹೇಳುವುದೂ ಇಲ್ಲ. ಗೊತ್ತಿಲ್ಲದ ಯಾವ ವಿಳಾಸ ಕೇಳಿದರೂ ಮುಖಪುಟವನ್ನೇ ಕೊಡುವಂತೆ ಅವನ್ನು ಹೊಂದಿಸಿರುತ್ತಾರೆ. ಕೋಡ್ ಕೇಳಿದ ಬ್ರೌಸರ್ ಕೈಗೆ ಪುಟ ಬರುತ್ತದೆ. ಓದಲು ಹೋಗಿ ಮೊದಲ ಚಿಹ್ನೆಗೇ ಮುಗ್ಗರಿಸುತ್ತದೆ. ಸ್ಟೈಲ್‌ಶೀಟ್ ಕೇಳಿದಾಗ ಹೀಗಾದರೆ, ಬಂದ ಫೈಲಿನ ಬಗೆ ಬೇರೆ ಎಂದು ಬ್ರೌಸರ್ ಅದನ್ನು ಬದಿಗಿಡುತ್ತದೆ. ಈ ಗೊಣಗಾಟವೆಲ್ಲ ಎಂಜಿನಿಯರ್ ನೋಡುವ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ನಿಮಗೆ ಕಾಣುವುದು ಒತ್ತಿದರೂ ಅಲುಗದ ಬಟನ್, ಇಲ್ಲವೇ ಖಾಲಿ ಬಿಳಿ ಪರದೆ. ‘ಏನೋ ಕೈಚಳಕ ನಡೆದಿದೆ’ ಎಂಬ ಅನುಮಾನ ಹುಟ್ಟುವುದು ಈ ಮೌನದಿಂದಲೇ ಎಂದು ನನಗನ್ನಿಸುತ್ತದೆ. ಹಳೆಯ ತುಂಡುಗಳನ್ನು ಕೆಲವು ದಿನ ಉಳಿಸಿಕೊಂಡು, ‘ಹೊಸ ಆವೃತ್ತಿ ಬಂದಿದೆ, ಪುಟವನ್ನು ಮತ್ತೆ ತೆರೆಯಿರಿ’ ಎಂದು ಒಂದು ಸಾಲು ತೋರಿಸಿದರೆ ಅರ್ಧ ಗೊಂದಲ ಇಲ್ಲವಾಗುತ್ತದೆ. ಅಷ್ಟನ್ನೂ ಮಾಡದ ಸೈಟುಗಳು ಬೇಕಾದಷ್ಟಿವೆ.

ಇನ್ನು ಚಿಲ್ಲರೆ ಕಾರಣಗಳು. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೂ ಸಾಕು. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದುಕೊಳ್ಳುತ್ತದೆ, ಲಿನಕ್ಸ್ ಸರ್ವರ್ ಹಾಗಲ್ಲ. ಎಂಜಿನಿಯರ್‌ನ ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಂಡದ್ದು ಊರಿಗೆಲ್ಲ ಚೆಲ್ಲಾಪಿಲ್ಲಿ.

ಕೆಲವೊಮ್ಮೆ ತಪ್ಪು ಸೈಟಿನದೂ ಅಲ್ಲ. 2021ರ ಜೂನ್ 8ರಂದು ಬ್ರಿಟನ್ ಸರ್ಕಾರದ ಸೈಟ್, ದಿ ಗಾರ್ಡಿಯನ್, ನ್ಯೂಯಾರ್ಕ್ ಟೈಮ್ಸ್ ಎಲ್ಲವೂ ಒಟ್ಟಿಗೆ ಕೈಕೊಟ್ಟವು. ಸೈಬರ್ ದಾಳಿ ಎಂಬ ಮಾತು ಹರಿದಾಡಿತು. ನಡೆದದ್ದು ಬೇರೆ. ಇಂಥ ಸೈಟುಗಳ ಫೈಲುಗಳನ್ನು ಓದುಗರಿಗೆ ಹಂಚುವ ಫಾಸ್ಟ್ಲಿ ಎಂಬ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮೇ ತಿಂಗಳಿನಿಂದ ಒಂದು ದೋಷ ಅಡಗಿತ್ತು. ಗ್ರಾಹಕರೊಬ್ಬರು ತಮ್ಮ ಸೆಟ್ಟಿಂಗನ್ನು ನಿಯಮದಂತೆಯೇ ಬದಲಿಸಿದಾಗ ಅದು ಎಚ್ಚೆತ್ತು, ಕಂಪನಿಯ ಜಾಲದ 85% ಭಾಗ ದೋಷದ ಸಂದೇಶ ಕೊಡತೊಡಗಿತು. 49 ನಿಮಿಷಗಳಲ್ಲಿ 95% ಸರಿಹೋಯಿತು.

ಈಗ ತದ್ವಿರುದ್ಧವಾದ ಪ್ರಕರಣ ನೋಡಿ. ಹಳೆಯ ಬ್ರೌಸರುಗಳಿಗೆ ನೆರವಾಗುವ ಪಾಲಿಫಿಲ್ ಡಾಟ್ ಐಒ ಎಂಬ ತಾಣದಿಂದ ಜಗತ್ತಿನ ಅನೇಕ ಸೈಟುಗಳು ಒಂದು ಜಾವಾಸ್ಕ್ರಿಪ್ಟ್ ತುಂಡನ್ನು ತರಿಸಿಕೊಳ್ಳುತ್ತಿದ್ದವು. 2024ರ ಫೆಬ್ರವರಿಯಲ್ಲಿ ಆ ತಾಣ ಬೇರೆಯವರ ಕೈಗೆ ಹೋಯಿತು. ಅದು ದುಷ್ಟ ಕೋಡ್ ಸೇರಿಸಿ ಕೊಡುತ್ತಿದೆ ಎಂದು ಜೂನ್‌ನಲ್ಲಿ ಭದ್ರತಾ ಸಂಶೋಧಕರು ಬಯಲು ಮಾಡಿದರು. ಅದನ್ನು ಬಳಸುತ್ತಿದ್ದ ಸೈಟುಗಳು 1 ಲಕ್ಷಕ್ಕೂ ಹೆಚ್ಚು. ಆ ಕೋಡ್ ಕೆಲವು ಮೊಬೈಲುಗಳನ್ನಷ್ಟೇ ಆರಿಸಿ, ಕೆಲವು ಹೊತ್ತಿನಲ್ಲಿ ಮಾತ್ರ, ಬೆಟ್ಟಿಂಗ್ ಸೈಟಿಗೆ ತಿರುಗಿಸುತ್ತಿತ್ತು. ಉಳಿದವರಿಗೆ ಆ ಪುಟಗಳಲ್ಲಿ ಒಂದು ಗೆರೆಯೂ ಓರೆಯಾಗಿರಲಿಲ್ಲ. ಒಟಿಪಿ ಕದಿಯುವ ನಕಲಿ ಬ್ಯಾಂಕ್ ಪುಟಗಳೂ ಅಷ್ಟೇ. ಅಸಲಿನ ಸ್ಟೈಲ್‌ಶೀಟನ್ನೇ ನಕಲು ಮಾಡಿಕೊಂಡಿರುವುದರಿಂದ ಅವು ಅಚ್ಚುಕಟ್ಟಾಗಿಯೇ ಇರುತ್ತವೆ.

ಪುಟ ಚೆಲ್ಲಾಪಿಲ್ಲಿಯಾಗಿ ಕಂಡರೆ, ತುಂಬಿದ್ದನ್ನು ಬರೆದಿಟ್ಟುಕೊಂಡು ರಿಫ್ರೆಶ್ ಮಾಡಿ. ಸರಿಹೋಗದಿದ್ದರೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿ ಕಂಡರೆ ನಿಮ್ಮ ಫೋನಿನ ಹಳೆಯ ಕ್ಯಾಶ್ ಮೇಲೆ ಅನುಮಾನ ಪಡಬಹುದು. ಆಗ ಉಳಿಸಿಟ್ಟ ಚಿತ್ರ ಮತ್ತು ಫೈಲುಗಳನ್ನಷ್ಟೇ ಅಳಿಸಿದರೆ ಸಾಕು. ‘ಎಲ್ಲ ಡೇಟಾ ಕ್ಲಿಯರ್ ಮಾಡಿ’ ಎಂಬ ಸಲಹೆ ಕೇಳಿದರೆ ಎಲ್ಲ ಸೈಟುಗಳಿಂದಲೂ ಲಾಗ್‌ಔಟ್ ಆಗುತ್ತೀರಿ. ಹಣ ಕಟ್ಟುವಾಗ ಪರದೆ ನಿಂತುಹೋದರೆ ಮತ್ತೆ ಒತ್ತುವ ಮೊದಲು ಖಾತೆಯಿಂದ ಹಣ ಕಡಿತವಾಗಿದೆಯೇ ನೋಡಿಕೊಳ್ಳಿ. ಪರದೆಗೆ ಸುದ್ದಿ ಮುಟ್ಟದಿದ್ದರೂ ಬ್ಯಾಂಕಿಗೆ ಮುಟ್ಟಿರಬಹುದು. ಗುಂಪಿನಲ್ಲಿ ಬಂದ ‘ಹೊಸ ಲಿಂಕ್’ ಸರ್ಕಾರಿ ಸೈಟಿನದು ಎನ್ನುತ್ತಿದ್ದರೆ ಅದರ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚಿನ ಭಾಗ ಓದಿ. ಸರ್ಕಾರದ ಸೈಟುಗಳಲ್ಲಿ ಅದು ಸಾಮಾನ್ಯವಾಗಿ ಜಿಒವಿ ಡಾಟ್ ಇನ್ ಅಥವಾ ಎನ್ಐಸಿ ಡಾಟ್ ಇನ್ ಎಂದು ಮುಗಿಯುತ್ತದೆ. ಆ ಅಕ್ಷರಗಳು ವಿಳಾಸದ ನಡುವೆಲ್ಲೋ ಇದ್ದು, ಕೊನೆಗೆ ಬೇರೆ ಹೆಸರಿದ್ದರೆ ಅದು ಬೇರೆಯವರ ಸೈಟ್.