ಎತ್ತಂಗಡಿ ಮಾಡಿದವರು ಯಾರೋ, ಬಿರುದು ಮಾತ್ರ ಇವನಿಗೆ!

ಕಳೆದ ಚಳಿಗಾಲದಲ್ಲಿ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಇಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಆ ಕಾಲಕ್ಕೆ ಹೊರಗೆ ಕಾಲಿಡೋ ಹಾಗಿರಲ್ಲ. ಬಿಸಿಬೇಳೆಬಾತ್ ಮುಗಿಸಿ ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ನಮ್ಮೂರ ತಂಡ ಬ್ಲೂ ಜಾಕೆಟ್ಸ್‌ನ ಐಸ್ ಹಾಕಿ ಮ್ಯಾಚು. (ಇಷ್ಟು ವರ್ಷ ಇದ್ದ ಮೇಲೆ ನಮ್ಮೂರು ಅನ್ನಬಹುದು ತಾನೇ?) ಕೋಲ್ ಸಿಲಿಂಜರ್ ಅನ್ನೋ ಹುಡುಗ ತೆರೆ ಮೇಲೆ ಬಂದ.

"ಇವನ ಅಪ್ಪ ಯಾರು ಗೊತ್ತಾ? 12 ಟೀಮು ಬದಲಾಯಿಸಿದ ಆಸಾಮಿ! ಎಲ್ಲೂ ನಿಂತವನಲ್ಲ. ಪಕ್ಕಾ ಜರ್ನಿಮ್ಯಾನ್," ಅಂದರು ಗೆಳೆಯರು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಾಪಸ್ ಬರುವಾಗ ಕಾರಿನಲ್ಲಿ ಯಾಕೋ ನಕ್ಕಿದ್ದಕ್ಕೆ ಬೇಜಾರಾಯ್ತು. ಆ ಬೇಜಾರೇ ಈ ಬರಹ.

ಹುಡುಗನ ಅಪ್ಪ ಮೈಕ್ ಸಿಲಿಂಜರ್. ಕೆನಡಾದ ರಿಜೈನಾದವನು. 1989ರ ಡ್ರಾಫ್ಟ್‌ನಲ್ಲಿ ಡೆಟ್ರಾಯ್ಟ್ ತಂಡ ಇವನನ್ನು 11ನೆಯವನಾಗಿ ಆರಿಸಿಕೊಂಡಿತು. 2009ರಲ್ಲಿ ಸೊಂಟದ ಕೀಲು ಕೈಕೊಟ್ಟು ನಿವೃತ್ತನಾಗುವ ಹೊತ್ತಿಗೆ ಎನ್‌ಎಚ್‌ಎಲ್‌ನಲ್ಲಿ 1,049 ಪಂದ್ಯ ಆಡಿದ್ದ, 240 ಗೋಲು ಹೊಡೆದಿದ್ದ. ಆಡಿದ್ದು 12 ತಂಡಗಳಿಗೆ. ಅದು ದಾಖಲೆ. ಸ್ಟ್ಯಾನ್ಲಿ ಕಪ್ ಮಾತ್ರ ಒಮ್ಮೆಯೂ ಸಿಗಲಿಲ್ಲ. ಈ ದಾಖಲೆ ಕಾಣಿಸಿಕೊಳ್ಳುವುದು ಯಾವಾಗಲೂ ತಮಾಷೆಯ ಪಟ್ಟಿಗಳಲ್ಲೇ.

ಸರಿ, ಲೆಕ್ಕ ಹಾಕೋಣ. 12 ತಂಡ ಅಂದರೆ 11 ಸಲ ಗಂಟುಮೂಟೆ ಕಟ್ಟಬೇಕು. ಆ 11ರಲ್ಲಿ ಅವನೇ ಸಹಿ ಹಾಕಿ ಹೋದದ್ದು ಎರಡು ಸಲ: 2001ರಲ್ಲಿ ಕೊಲಂಬಸ್‌ಗೆ, 2006ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ. ಮಿಕ್ಕ 9 ಸಲವೂ ತಂಡದವರು ಅವನನ್ನು ಟ್ರೇಡ್ ಮಾಡಿದ್ದು. "ಬದಲಾಯಿಸಿದ" ಅಂತೀರಲ್ಲ ಸ್ವಾಮೀ, ಬದಲಾಯಿಸಿದ್ದು ಅವನಾ?

ಟ್ರೇಡ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ತಂಡಗಳ ಮ್ಯಾನೇಜರುಗಳು ಫೋನಿನಲ್ಲಿ ಮಾತಾಡಿ ಆಟಗಾರರನ್ನು ಅದಲುಬದಲು ಮಾಡಿಕೊಳ್ತಾರೆ. ಕೇಳದೆ ಕಳಿಸುವಂತಿಲ್ಲ ಅನ್ನುವ ಷರತ್ತು ಕರಾರಿನಲ್ಲಿ ಬರೆಸಿಕೊಳ್ಳುವ ತಾಕತ್ತು ದೊಡ್ಡ ಹೆಸರಿನವರಿಗೆ ಇರುತ್ತೆ. ಉಳಿದವರಿಗೆ ಫೋನು ಬರುತ್ತೆ, ಅಷ್ಟೇ. ಮನೆ, ಹೆಂಡತಿ, ಮಕ್ಕಳ ಸ್ಕೂಲು ಎಲ್ಲ ಆಮೇಲಿನ ಮಾತು. ನಮ್ಮ ಕಡೆ ಸರ್ಕಾರಿ ನೌಕರರ ವಿಷಯದಲ್ಲಿ ಇದಕ್ಕೆ ಒಳ್ಳೇ ಪದ ಇದೆ: ಎತ್ತಂಗಡಿ. ಎತ್ತಂಗಡಿಯಾದ ಮೇಷ್ಟ್ರನ್ನು ನಾವು ಯಾರಾದರೂ "ಎಲ್ಲೂ ನಿಲ್ಲದವನು" ಅಂತ ಆಡಿಕೊಂಡು ನಗ್ತೀವಾ?

2003ರ ಕಥೆ ಕೇಳಿ. ಸಿಲಿಂಜರ್ ತಾನಾಗಿ ಆರಿಸಿಕೊಂಡ ಊರು ಕೊಲಂಬಸ್. ಎರಡು ಸೀಸನ್ ಆಡಿದ್ದ. ಆ ವರ್ಷ ಮೇ ತಿಂಗಳಲ್ಲಿ ಇದೇ ಊರಲ್ಲಿ ಕೋಲ್ ಹುಟ್ಟಿದ. ಮಗುವಿಗೆ ಎರಡು ತಿಂಗಳು ತುಂಬಿ ಇನ್ನೇನು ಒಂದು ವಾರ, ಜುಲೈನಲ್ಲಿ ಕೊಲಂಬಸ್‌ನವರು ಅಪ್ಪನನ್ನು ಡಲ್ಲಾಸ್‌ಗೆ ಕೊಟ್ಟು ಡ್ಯಾರಿಲ್ ಸಿಡೋರ್‌ನನ್ನು ತಗೊಂಡರು. ಡಲ್ಲಾಸ್‌ನವರು ಅದೇ ದಿನ ಅವನನ್ನು ಫೀನಿಕ್ಸ್‌ಗೆ ಕೊಟ್ಟು ಟೆಪ್ಪೊ ನುಮಿನೆನ್‌ನನ್ನು ತಗೊಂಡರು. ಒಂದೇ ದಿನ ಎರಡು ವ್ಯಾಪಾರ! ಡಲ್ಲಾಸ್‌ನ ಜೆರ್ಸಿಯನ್ನು ಅವನು ತೊಡಲೇ ಇಲ್ಲ, ಆದ್ದರಿಂದ ಅದು 12ರ ಲೆಕ್ಕಕ್ಕೂ ಬಂದಿಲ್ಲ. ದನದ ಜಾತ್ರೆಯಲ್ಲಿ ಕೂಡ ಕೊಂಡವನು ಎತ್ತನ್ನು ಒಂದು ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ತಾನೆ.

ಈಗ ನೀವು ಎತ್ತಬಹುದಾದ ಆಕ್ಷೇಪಗಳಿಗೆ ನಾನೇ ಮೊದಲು ಉತ್ತರ ಕೊಟ್ಟುಬಿಡ್ತೀನಿ.

"ಲಕ್ಷಗಟ್ಟಲೆ ಡಾಲರ್ ಕೊಡ್ತಾರಲ್ಲ?" ಕೊಡ್ತಾರೆ, ನಿಜ. ಅವನಿಗೆ ಅನ್ಯಾಯವಾಯ್ತು, ಅಯ್ಯೋ ಪಾಪ ಅನ್ನಿ ಅಂತ ನಾನು ಹೇಳ್ತಿಲ್ಲ. ಸಂಬಳ ಕೊಟ್ಟದ್ದು ಆಟಕ್ಕೆ. ಮಾಡದ ತಪ್ಪನ್ನು ಹೊರೋದಕ್ಕಲ್ಲ.

"ನಿಜವಾಗಿಯೂ ಒಳ್ಳೇ ಆಟಗಾರ ಆಗಿದ್ದರೆ ಯಾರಾದರೂ ಇಟ್ಟುಕೊಳ್ತಿರಲಿಲ್ವಾ?" ಇದು ತಲೆಕೆಳಗಾದ ವಾದ. ಕೆಲಸಕ್ಕೆ ಬಾರದವನನ್ನು ಟ್ರೇಡ್ ಮಾಡೋಕೆ ಆಗಲ್ಲ, ಮನೆಗೆ ಕಳಿಸ್ತಾರೆ. ಟ್ರೇಡ್ ಆಗಬೇಕಾದರೆ ಆ ಕಡೆ ಒಬ್ಬ "ನನಗೆ ಇವನೇ ಬೇಕು" ಅನ್ನಬೇಕು. 2000, 2001, 2004, ಈ ಮೂರೂ ವರ್ಷ ಅವನನ್ನು ಮಾರ್ಚ್ ತಿಂಗಳಲ್ಲೇ ಎತ್ತಿಕೊಂಡು ಹೋದರು. ಸೀಸನ್ ಮುಗಿಯುವ ಹೊತ್ತು, ಪ್ಲೇಆಫ್‌ಗೆ ತಂಡ ಗಟ್ಟಿ ಮಾಡಿಕೊಳ್ಳುವ ಗಡಿಬಿಡಿ. ರೆಫ್ರಿ ಪಕ್ ಬೀಳಿಸಿದಾಗ ಎದುರಾಳಿಯಿಂದ ಅದನ್ನು ಕಸಿದುಕೊಳ್ಳೋದರಲ್ಲಿ, ಅಂದರೆ ಫೇಸ್‌ಆಫ್‌ನಲ್ಲಿ, ಇವನು ಪಳಗಿದ ಕೈ. ಹೈಲೈಟ್ಸ್‌ನಲ್ಲಿ ತೋರಿಸದ ಕೆಲಸ ಅದು. ಆದರೆ ಒಂದು ಗೋಲಿನ ಮುನ್ನಡೆ ಇಟ್ಟುಕೊಂಡು ಕೊನೇ ನಿಮಿಷ ಕಳೆಯಬೇಕಾದ ಕೋಚ್ ಹುಡುಕುವುದು ಇಂಥವನನ್ನೇ.

"ನಿಷ್ಠೆ ಅಂದರೆ ಲಿಡ್‌ಸ್ಟ್ರಮ್ ಥರ ಇರಬೇಕು!" ಬನ್ನಿ, ಇದಕ್ಕೇ ಕಾಯ್ತಿದ್ದೆ. ನಿಕ್ಲಾಸ್ ಲಿಡ್‌ಸ್ಟ್ರಮ್‌ನನ್ನು ಡೆಟ್ರಾಯ್ಟ್ ಆರಿಸಿದ್ದು ಅದೇ 1989ರ ಡ್ರಾಫ್ಟ್‌ನಲ್ಲಿ, 53ನೆಯವನಾಗಿ. 20 ಸೀಸನ್ ಅಲ್ಲೇ ಆಡಿದ, ನಾಲ್ಕು ಕಪ್ ಗೆದ್ದ. ಮಹಾನ್ ಆಟಗಾರ, ಎರಡು ಮಾತಿಲ್ಲ. ಆದರೆ ಅವನು ಡಿಫೆನ್ಸ್, ಸಿಲಿಂಜರ್ ಸೆಂಟರ್. ಆ ತಂಡದ ಸೆಂಟರ್ ಜಾಗದಲ್ಲಿ ಆಗ ಸ್ಟೀವ್ ಐಸರ್‌ಮನ್ ಇದ್ದ, ಸೆರ್ಗೈ ಫೆಡೊರೊವ್ ಇದ್ದ. ಇವರಿಬ್ಬರ ಹಿಂದೆ ನಿಂತವನಿಗೆ ಐಸ್ ಮೇಲೆ ಎಷ್ಟು ಹೊತ್ತು ಸಿಗಬೇಕು? 1995ರಲ್ಲಿ ಅವನನ್ನು ಅನಾಹೈಮ್‌ಗೆ ಕೊಟ್ಟು ಪಡೆದವರಲ್ಲಿ ಒಬ್ಬ ಸ್ಟು ಗ್ರಿಮ್ಸನ್. ಐಸ್ ಮೇಲೆ ಮುಷ್ಟಿ ಕಾಳಗಕ್ಕೆ ಹೆಸರಾದವನು. ಎರಡು ವರ್ಷ ಕಳೆದು ಡೆಟ್ರಾಯ್ಟ್ ಕಪ್ ಗೆದ್ದಿತು. ಒಬ್ಬನನ್ನು ಉಳಿಸಿಕೊಂಡವರೂ ಇನ್ನೊಬ್ಬನನ್ನು ಕಳಿಸಿದವರೂ ಒಂದೇ ತಂಡದವರು. ಉಳಿದವನದು ನಿಷ್ಠೆ, ಹೋದವನದು ಚಂಚಲತೆ! ಚೆನ್ನಾಗಿದೆ ನ್ಯಾಯ.

ನಮ್ಮಲ್ಲೂ ಇದೇ ಕಥೆ. ಆರನ್ ಫಿಂಚ್ ಐಪಿಎಲ್‌ನಲ್ಲಿ 9 ತಂಡಗಳಿಗೆ ಆಡಿದ, ನಮ್ಮ ಆರ್‌ಸಿಬಿಯೂ ಸೇರಿ. ಅದರ ಮೇಲೆ ಎಷ್ಟು ಜೋಕುಗಳು! ಹರಾಜು ಕೂಗಿದವರ ಮೇಲೆ ಒಂದಾದರೂ ಜೋಕು ಕೇಳಿದ್ದೀರಾ?

ಇನ್ನು ಆ ಪದ, ಜರ್ನಿಮ್ಯಾನ್. ಪ್ರಯಾಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಫ್ರೆಂಚ್‌ನಲ್ಲಿ "ಜೂರ್ನೆ" ಅಂದರೆ ಒಂದು ದಿನ, ಒಂದು ದಿನದ ಕೆಲಸ. ಕಸುಬು ಪೂರ್ತಿ ಕಲಿತು, ಸ್ವಂತ ಅಂಗಡಿ ಇನ್ನೂ ಇಲ್ಲದೆ, ದಿನದ ಕೂಲಿಗೆ ದುಡಿಯುವ ಕೆಲಸಗಾರ ಅಂತ ಅದರ ಮೂಲ ಅರ್ಥ. ಕಸುಬು ಬಲ್ಲವನು ಅನ್ನೋ ಮಾತನ್ನೇ ನಾವು ಬೈಗುಳ ಮಾಡಿಕೊಂಡಿದ್ದೀವಿ.

ಇಷ್ಟು ಬಿಸಿಯಾಗಿ ಬರೆಯೋಕೆ ನನ್ನದೂ ಒಂದು ಕಾರಣ ಇದೆ, ಮುಚ್ಚಿಡಲ್ಲ. ಈ ದೇಶಕ್ಕೆ ಬಂದ ಮೊದಲ ಆರು ವರ್ಷದಲ್ಲಿ ಐದು ಊರು ನೋಡಿದೆ. ಒಂದನ್ನೂ ನಾನು ಆರಿಸಿಕೊಂಡದ್ದಲ್ಲ. ಪ್ರಾಜೆಕ್ಟ್ ಮುಗಿದರೆ ಕಂಪನಿ ಇನ್ನೊಂದು ಕಡೆ ಕಳಿಸ್ತಿತ್ತು, ವೀಸಾ ಅವರ ಕೈಯಲ್ಲಿತ್ತು. ಮಗಳು ಮೂರನೇ ಕ್ಲಾಸಿನೊಳಗೆ ಮೂರು ಸ್ಕೂಲು ಕಂಡಳು. ಆಮೇಲೊಂದು ಇಂಟರ್ವ್ಯೂನಲ್ಲಿ ನನ್ನ ರೆಸ್ಯೂಮೆ ತಿರುವಿ ಹಾಕಿದ ಮನುಷ್ಯ ನಗುತ್ತಾ ಕೇಳಿದ, "ನೀವು ಎಲ್ಲೂ ಜಾಸ್ತಿ ದಿನ ಇರಲ್ಲ ಅಲ್ವಾ?" ನಾನೂ ಹಲ್ಲು ಕಿರಿದೆ. ಏನು ಹೇಳಬೇಕಿತ್ತು ಅಂತ ಈಗ ಹೊಳೀತಿದೆ. ಅದೇ ನಗುವನ್ನು ನಾನು ಇನ್ನೊಬ್ಬನ ಮೇಲೆ ನಕ್ಕೆನಲ್ಲ, ಅದಕ್ಕೇ ಆ ಬೇಜಾರು.

ಅಂದಹಾಗೆ, 2021ರ ಡ್ರಾಫ್ಟ್‌ನಲ್ಲಿ ಕೋಲ್‌ನನ್ನು 12ನೆಯವನಾಗಿ ಆರಿಸಿದ್ದು ಕೊಲಂಬಸ್. ಎರಡು ತಿಂಗಳ ಕೂಸಾಗಿದ್ದಾಗ ಅವನ ಅಪ್ಪನನ್ನು ಕಳಿಸಿಕೊಟ್ಟ ಅದೇ ತಂಡ! ನಾಳೆ ಇವನನ್ನೂ ಎಲ್ಲಿಗಾದರೂ ಕಳಿಸಬಹುದು. ಆಗ ದಯವಿಟ್ಟು "ಅಪ್ಪನ ಥರಾನೇ" ಅನ್ನಬೇಡಿ. ಕಳಿಸಿದವರ ಹೆಸರು ಹಿಡಿದು ಹೇಳಿ.

ನಿಮ್ಮಲ್ಲಿ ಎಷ್ಟು ಜನಕ್ಕೆ ಹೀಗೆ ಎತ್ತಂಗಡಿಯಾಗಿದೆ? ಬರೀರಿ, ಓದೋಣ. ನನ್ನ ವಾದ ತಪ್ಪು ಅನ್ನಿಸಿದವರು ಇನ್ನೂ ಧಾರಾಳವಾಗಿ ಬರೀರಿ, ಜಗಳಕ್ಕೆ ನಾನು ರೆಡಿ :)