ನೀರುಗುಳ್ಳೆಯ ರೋಗವೂ ರಕ್ತದ ಸಾಕ್ಷ್ಯವೂ

ಬಾಯಲ್ಲಿ ಹುಣ್ಣಾಯಿತೆಂದರೆ ಉಷ್ಣವೆಂದು ಮಜ್ಜಿಗೆ ಕುಡಿಸಿ ಸುಮ್ಮನಾಗುವುದು ನಮ್ಮ ಮನೆಗಳ ವಾಡಿಕೆ. ಬಹುಮಟ್ಟಿಗೆ ಅದು ತಾನಾಗಿಯೇ ಮಾಯುವುದೂ ಉಂಟು. ಆದರೆ ಹುಣ್ಣು ವಾರಗಟ್ಟಲೆ ಮಾಯದೆ, ಆಮೇಲೆ ಮೈಮೇಲೆ ಸಡಿಲವಾದ ನೀರುಗುಳ್ಳೆಗಳೆದ್ದು, ಒಡೆದು ಹಸಿಯಾಗಿಯೇ ಉಳಿದರೆ ತಡಮಾಡಲಾಗದು. ಪೆಂಫಿಗಸ್ ಎಂಬ ರೋಗವು ಹಲವು ವೇಳೆ ಹೀಗೆಯೇ ತಲೆದೋರುತ್ತದೆ.

ಇದು ಸರ್ಪಸುತ್ತಲ್ಲ, ಅಂಟುರೋಗವೂ ಅಲ್ಲ. ರೋಗಿಯ ತಟ್ಟೆಲೋಟಗಳನ್ನು ಬೇರೆಯಿಡಬೇಕಾದುದಿಲ್ಲ. ಚರ್ಮದ ಕಣಗಳನ್ನು ಗಾರೆಯಂತೆ ಒಂದಕ್ಕೊಂದು ಬಿಗಿದಿಡುವ ಡೆಸ್ಮೋಗ್ಲೀನ್ ಎಂಬ ಪದಾರ್ಥವುಂಟು. ಶರೀರವನ್ನು ಕಾಯಬೇಕಾದ ರಕ್ತದ ಪ್ರತಿಕಾಯಗಳು ಅದನ್ನೇ ಶತ್ರುವೆಂದು ಬಗೆದು ಸಡಿಲಿಸುತ್ತವೆ. ರೋಗಿಗಳ ರಕ್ತದಲ್ಲಿ ಇಂತಹ ಪ್ರತಿಕಾಯಗಳಿರುವುದನ್ನು 1964ರಲ್ಲಿ ಅಮೆರಿಕದ ಬ್ಯೂಟ್ನರ್ ಮತ್ತು ಜೋರ್ಡನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಈಗ ಎಲೈಸಾ ಎಂಬ ಪರೀಕ್ಷೆಯಿಂದ ಅವುಗಳ ಪ್ರಮಾಣವನ್ನು ಅಳೆಯಬಹುದಾಗಿದೆ.

ಈ ಅಳತೆಯಿಂದ ರೋಗದ ಮುಂದಿನ ಗತಿಯನ್ನು ಅರಿಯಬಹುದೇ? ಸ್ವಲ್ಪಮಟ್ಟಿಗೆ ಹೌದು. ಡೆಸ್ಮೋಗ್ಲೀನ್ 1ಕ್ಕೆ ವಿರುದ್ಧವಾದ ಪ್ರತಿಕಾಯವು ಸಾಮಾನ್ಯವಾಗಿ ಚರ್ಮದ ಸ್ಥಿತಿಯೊಡನೆ ಏರಿಳಿಯುತ್ತದೆ. ಗುಳ್ಳೆಗಳಡಗಿದ ಮೇಲೆ ಅದು ಮತ್ತೆ ಏರತೊಡಗಿದರೆ, ರೋಗವು ಮರುಕಳಿಸೀತೆಂದು ಎಚ್ಚರಗೊಳ್ಳಬೇಕು. ಬಾಯಿಯ ಹುಣ್ಣಿಗೆ ಸಂಬಂಧಿಸಿದ ಡೆಸ್ಮೋಗ್ಲೀನ್ 3ರ ಪ್ರತಿಕಾಯವಾದರೋ, ಹುಣ್ಣು ಪೂರ್ಣ ಮಾಯ್ದವರಲ್ಲಿಯೂ ಹೆಚ್ಚಾಗಿಯೇ ಉಳಿಯುವುದುಂಟು. ಆದುದರಿಂದ ಒಂದು ಸಲದ ಅಂಕಿಯನ್ನು ಜಾತಕದಂತೆ ಓದಿ ಎದೆಗುಂದುವುದೂ ಹಿಗ್ಗುವುದೂ ಸಲ್ಲದು. ಒಂದೇ ಪ್ರಯೋಗಶಾಲೆಯಲ್ಲಿ ಕಾಲಕಾಲಕ್ಕೆ ಮಾಡಿಸಿದ ಪರೀಕ್ಷೆಗಳನ್ನು ರೋಗಿಯ ಮೈಸ್ಥಿತಿಯೊಡನೆ ಹೋಲಿಸಿ ವೈದ್ಯರೇ ತೀರ್ಮಾನಿಸತಕ್ಕದ್ದು.

ಸ್ಟೀರಾಯ್ಡ್ ಔಷಧಗಳು ಬಳಕೆಗೆ ಬರುವ ಮೊದಲು ಈ ರೋಗ ತಗುಲಿದವರಲ್ಲಿ ಬಹುಮಂದಿ ಬದುಕುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಡಾ. ಪಸ್ರೀಚಾ ಅವರು ನಾಲ್ಕು ವಾರಗಳಿಗೊಮ್ಮೆ ಮೂರು ದಿನ ಔಷಧವನ್ನು ರಕ್ತನಾಳಕ್ಕೆ ಕೊಡುವ ಕ್ರಮವನ್ನು ನಮ್ಮ ದೇಶದಲ್ಲಿ ಪ್ರಚಾರಕ್ಕೆ ತಂದರು. ಈಗ ಪ್ರತಿಕಾಯಗಳ ಮೂಲವನ್ನೇ ತಗ್ಗಿಸುವ ರಿಟುಕ್ಸಿಮಾಬ್ ಎಂಬ ಔಷಧವೂ ಇದೆ. ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಅಪಾಯವಿರುವುದು ಇನ್ನೊಂದೆಡೆ. ಗುಳ್ಳೆ ಒಣಗಿದೊಡನೆ 'ಗುಣವಾಯಿತು, ಇನ್ನೇಕೆ ಮಾತ್ರೆ?' ಎಂದು ಮನೆಯವರೇ ಔಷಧವನ್ನು ನಿಲ್ಲಿಸಿಬಿಡುವುದುಂಟು. ಬಹುಕಾಲ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ರೋಗ ಮರಳುವುದಲ್ಲದೆ ಪ್ರಾಣಕ್ಕೇ ಸಂಚಕಾರ ಬರಬಹುದು. ಮೈ ನಯವಾಗಿ ಕಂಡರೂ ರಕ್ತವು ಬೇರೆ ಮಾತನ್ನು ಹೇಳುತ್ತಿರಬಹುದು. ಮೈಸೂರಿನವರಿಗೆ ಕೃಷ್ಣರಾಜೇಂದ್ರ ಆಸ್ಪತ್ರೆಯ ಚರ್ಮರೋಗ ವಿಭಾಗವು ಹತ್ತಿರದಲ್ಲಿಯೇ ಇದೆ. ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ಮನೆಯಲ್ಲಿ ಖಾರಹುಳಿಗಳನ್ನು ತಗ್ಗಿಸಿ ಮೆತ್ತಗಿನ ಗಂಜಿಯನ್ನೋ ಮೊಸರನ್ನವನ್ನೋ ಕೊಟ್ಟು, ರೋಗಿಯನ್ನು ಪಂಕ್ತಿಯಲ್ಲಿ ಜೊತೆಗೇ ಕೂರಿಸಿಕೊಳ್ಳುವುದು ಗೃಹಸ್ಥರ ಕರ್ತವ್ಯ.